ಎರಡು ಬೀಗದ ಬೀರು

ನಮ್ಮ ಮನೆಯ ಕೋವಿ ಬೆಳ್ಳುಳ್ಳಿ ವಾಸನೆ ಹೊಡೆಯುತ್ತಿತ್ತು. ಈಗ ಹೇಳಿದರೆ ನನ್ನ ಮಕ್ಕಳೇ ನಂಬುವುದಿಲ್ಲ. ಮೂಡಲಪಾಳ್ಯದ ಹಳೇ ಊರಿನಲ್ಲಿದ್ದ ನಮ್ಮ ಮನೆಯ ನಡುಮನೆಯಿಂದ ಅಡುಗೆಮನೆಗೆ ಹೋಗುವ ಬಾಗಿಲಿನ ಮೇಲೆ ಎರಡು ಮರದ ಗೂಟಗಳಿದ್ದವು. ಅವುಗಳ ಮೇಲೆ ತಾತನ ಜೋಡಿನಳಿಗೆಯ ಕೋವಿ ಅಡ್ಡಡ್ಡ ಮಲಗಿರುತ್ತಿತ್ತು. ತಾತನ ಅಪ್ಪನ ಕಾಲದಲ್ಲಿ ರಾಗಿ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಬೆಳೆ ರಕ್ಷಣೆಗಾಗಿ ಲೈಸೆನ್ಸು ಮಾಡಿಸಿದ್ದಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಹಂದಿಗಳು ಎಲ್ಲಿಗೋ ಹೋಗಿದ್ದವು, ಹೊಲದ ಮುಕ್ಕಾಲು ಪಾಲು ಸೈಟುಗಳಾಗಿ ಅವುಗಳ ಮೇಲೆ ಜನ ಮನೆ ಕಟ್ಟಿ ಬಣ್ಣವನ್ನೂ ಹೊಡೆಸಿಯಾಗಿತ್ತು. ಕೋವಿ ಮಾತ್ರ ತನ್ನ ಗೂಟ ಬಿಟ್ಟಿರಲಿಲ್ಲ. ಒಲೆಯ ಶಾಖ ಆ ಬಾಗಿಲಿನಿಂದ ಹಿತವಾಗಿ ಬರುತ್ತಿದ್ದುದರಿಂದ, ಮನೆಯಲ್ಲಿ ಬೆಳ್ಳುಳ್ಳಿ ಗೊಂಚಲು ಒಣಗಿಸಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲವೆಂಬುದು ಅಜ್ಜಿಯ ತೀರ್ಮಾನ. ನಳಿಗೆಯ ಕಡೆಗೆ ಬೆಳ್ಳುಳ್ಳಿ, ಹಿಡಿಯ ಕಡೆಗೆ ಸೋಸುವ ಬಟ್ಟೆ. ತಾತ ಗೊಣಗುತ್ತಿದ್ದ, ಆದರೆ ತೆಗೆಯುತ್ತಿರಲಿಲ್ಲ.

ಇದಕ್ಕೆಲ್ಲ ಮಂಗಳ ಹಾಡಿದವರು ಲೈಸೆನ್ಸು ನವೀಕರಣಕ್ಕೆ ಮನೆ ನೋಡಲು ಬಂದ ಒಬ್ಬ ಸಬ್ ಇನ್ಸ್‌ಪೆಕ್ಟರು. ತಾತ ಅವರನ್ನು ಕುರ್ಚಿಯಲ್ಲಿ ಕೂರಿಸಿ, ಕಾಫಿ ತರಿಸಿ, ಹೆಮ್ಮೆಯಿಂದ ಬಾಗಿಲಿನ ಮೇಲೆ ಕೈ ತೋರಿಸಿದ. ಅವರು ತಲೆಯೆತ್ತಿ ನೋಡಿದರು. ಆಮೇಲೆ ಕೆಳಗೆ ನೋಡಿದರು. ಬಾಗಿಲಿನ ಕೆಳಗೆ ನಾನೂ ನನ್ನ ತಮ್ಮನೂ ಕವಡೆ ಆಡುತ್ತ ಕೂತಿದ್ದೆವು. ಕಾಫಿ ಲೋಟ ಕೆಳಗಿಟ್ಟು ಅವರು ಎದ್ದೇ ನಿಂತರು.

"ಗೌಡ್ರೇ, ಮನೇಲಿ ಮಕ್ಕಳಿದಾವೆ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಮೊದಲು ಕರ್ಕೊಂಡ್ ಹೋಗೋದು ನಿಮ್ಮನ್ನೇ. ಲೈಸೆನ್ಸ್ ಇರೋದು ನಿಮ್ ಹೆಸರಲ್ಲಿ. ನಿಮ್ಮನ್ ಬಿಟ್ಟು ಇನ್ನೊಬ್ರು ಅದನ್ನ ಮುಟ್ಟಕೂಡದು."

ತೋಟಾ ತುಂಬಿಲ್ಲ, ಖಾಲಿ ಇದೆ ಎಂದು ತಾತ ಸಮಜಾಯಿಷಿ ಕೊಡಲು ನೋಡಿದ. ಅನಾಹುತ ಮಾಡಿಕೊಂಡ ಎಲ್ಲರೂ ಖಾಲಿ ಇದೆ ಎಂದೇ ಹೇಳಿದ್ದರು ಎಂದರು ಅವರು. ಕೋವಿ ಒಂದು ಬೀಗದಲ್ಲಿ, ತೋಟಾಗಳು ಬೇರೆ ಕಡೆ ಬೇರೆ ಬೀಗದಲ್ಲಿ ಇರಬೇಕು, ಇನ್ನೊಮ್ಮೆ ಬಂದಾಗ ಹಾಗೆ ಕಾಣದಿದ್ದರೆ ನವೀಕರಣಕ್ಕೆ ತಮ್ಮ ಒಪ್ಪಿಗೆ ಇಲ್ಲ ಎಂದು ಹೇಳಿ ಹೊರಟರು. ಅಜ್ಜಿ ಬೆಳ್ಳುಳ್ಳಿ ಬಿಚ್ಚಿಕೊಂಡು ಒಳಗೆ ಹೋದಳು. ಆ ವಾರವೇ ಒಂದು ಉದ್ದನೆಯ ಕಬ್ಬಿಣದ ಬೀರು ಮನೆಗೆ ಬಂತು. ಅದನ್ನು ತಾತನ ಕೋಣೆಯ ಗೋಡೆಗೆ ಬೋಲ್ಟು ಹಾಕಿ ಕೂರಿಸಿದರು. ತೋಟಾಗಳು ಅಟ್ಟದ ಮೇಲಿನ ತಗಡಿನ ಟ್ರಂಕು ಸೇರಿದವು. ತಾತ ಎರಡೂ ಕೀಲಿಗಳನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು, ಬ್ಯಾಂಕು ತೆರೆದವನ ಹಾಗೆ ಬೀದಿಯಲ್ಲೆಲ್ಲ ಓಡಾಡಿದ.

ಆದರೆ ಅಂಗಿ ಯಾವಾಗಲೂ ಮೈಮೇಲೆ ಇರುವುದಿಲ್ಲವಲ್ಲ. ಸ್ನಾನಕ್ಕೆ ಹೋಗುವಾಗ ತಾತ ಅಂಗಿ ಬಿಚ್ಚಿ ಬಚ್ಚಲುಮನೆಯ ಹೊರಗಿನ ಮೊಳೆಗೆ ನೇತುಹಾಕುತ್ತಿದ್ದ. ಹಂಡೆಯ ನೀರು ಮುಗಿಯುವ ತನಕ ಅವನು ಹೊರಗೆ ಬರುವವನಲ್ಲ. ಒಂದು ಭಾನುವಾರ ಆ ಅಂಗಿಯ ಜೇಬಿನಿಂದ ಕೀಲಿಯ ದಾರ ಹೊರಗೆ ಇಣುಕುತ್ತಿದ್ದುದು ಅಜ್ಜಿಯ ಕಣ್ಣಿಗೆ ಬಿತ್ತು. ಸೆರಗು ಹೊದ್ದುಕೊಂಡು ವಿಜಯನಗರದ ಪಾತ್ರೆ ಅಂಗಡಿಗೆ ಹೋಗಿ, ಅಂಗೈ ಅಗಲದ ಹಿತ್ತಾಳೆ ಬೀಗವೊಂದನ್ನು ತಂದಳು. ನಾಗರಾಜ ಚಿಕ್ಕಪ್ಪನಿಂದ ಬೀರುವಿಗೆ ಇನ್ನೊಂದು ಚಿಲಕ ಹಾಕಿಸಿ ತನ್ನ ಬೀಗ ಜಡಿದಳು. ಅದರ ಕೀಲಿಯನ್ನು ತಾಳಿಯ ಸರದಲ್ಲಿ ಪಿನ್ನುಗಳ ಜೊತೆ ಪೋಣಿಸಿಕೊಂಡಳು. ಅವಳು ಅದನ್ನು ಸ್ನಾನಕ್ಕೂ ಬಿಚ್ಚುವಂತಿರಲಿಲ್ಲ. ಅವತ್ತಿನಿಂದ ತಾತ ಒಬ್ಬನೇ ಬೀರು ತೆಗೆಯುವ ಹಾಗಿಲ್ಲ, ಅಜ್ಜಿ ಒಬ್ಬಳೇ ತೆಗೆಯುವ ಹಾಗೂ ಇಲ್ಲ. ಸಬ್ ಇನ್ಸ್‌ಪೆಕ್ಟರು ಮತ್ತೆ ಬಂದಾಗ ಇದನ್ನು ನೋಡಿ, ತಾವು ಕೇಳಿದ್ದಕ್ಕಿಂತ ಒಂದು ಬೀಗ ಹೆಚ್ಚೇ ಬಿದ್ದಿದೆ ಎಂದು ನಕ್ಕು, ಈ ಸಲ ಕಾಫಿಯನ್ನು ಪೂರ್ತಿ ಕುಡಿದು ಹೋದರು.

ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ನಮ್ಮ ತಾತ ಅಜ್ಜಿಯರು ವರ್ಷದಲ್ಲಿ ಅರ್ಧ ಕಾಲ ಮಾತು ಬಿಟ್ಟಿರುತ್ತಿದ್ದರು. ಬಸ್ಸಾರಿಗೆ ಉಪ್ಪು ಕಮ್ಮಿಯಾಯಿತು, ದನಕ್ಕೆ ಹುಲ್ಲು ಹಾಕಲು ಮರೆತರು, ಅವಳ ತವರಿನವರು ಬಂದಾಗ ಇವನು ಎದ್ದು ನಿಲ್ಲಲಿಲ್ಲ, ಇವನು ಜಗಲಿಯಲ್ಲಿ ಕೂತಾಗ ಅವಳು ಅಲ್ಲೇ ಗುಡಿಸಿದಳು. ಇಂಥ ಯಾವುದೇ ಕಾರಣ ಸಾಕಿತ್ತು. ಜಗಳದಲ್ಲಿ ಕೂಗಾಟ ಇರುತ್ತಿರಲಿಲ್ಲ. ಮಾತು ನಿಂತುಹೋಗುತ್ತಿತ್ತು, ಅಷ್ಟೇ. ಆಗ ಮಕ್ಕಳಾದ ನಮಗೆ ಸುಗ್ಗಿ. ಊಟದ ಹೊತ್ತಿಗೆ ಮುದ್ದೆ ಬೇಕೋ ಅನ್ನ ಬೇಕೋ ಎಂದು ಅಜ್ಜಿ ನನ್ನನ್ನು ಕೇಳಲು ಕಳಿಸುವಳು. ಎರಡಡಿ ದೂರದಲ್ಲಿ ಕೂತ ತಾತ ಅದನ್ನು ಕೇಳಿಸಿಕೊಂಡೂ ನಾನು ಹೋಗಿ ಮತ್ತೊಮ್ಮೆ ಕೇಳುವ ತನಕ ಕಾಯುವನು. ಕೋವಿಗೆ ಎಣ್ಣೆ ಹಾಕುವ ಆಸೆ ಬಂದಾಗ ಮಾತ್ರ ಅವನ ಪಾಡು ನೋಡುವ ಹಾಗಿರುತ್ತಿತ್ತು. ಬೀರುವಿನ ಮುಂದೆ ನಿಂತು ತನ್ನ ಬೀಗ ತೆಗೆದು, ಇನ್ನೊಂದನ್ನು ಎಳೆದು ನೋಡಿ, ಯಾರಿಗೂ ಕೇಳಿಸಬಾರದೆಂಬಂತೆ ಕೆಮ್ಮಿ, ಮತ್ತೆ ತನ್ನದನ್ನು ಹಾಕಿಕೊಂಡು ಬರುತ್ತಿದ್ದ. ಅಡುಗೆಮನೆಯಲ್ಲಿ ಅಜ್ಜಿಗೆ ಎಲ್ಲವೂ ಕೇಳಿಸುತ್ತಿತ್ತು.

ಅವರಿಬ್ಬರೂ ಖಂಡಿತವಾಗಿ ಮಾತಾಡುತ್ತಿದ್ದ ದಿನವೆಂದರೆ ಆಯುಧ ಪೂಜೆಯ ಹಿಂದಿನ ದಿನ. ಬೆಳಿಗ್ಗೆ ಇಬ್ಬರೂ ಸ್ನಾನ ಮಾಡಿ ಬೀರುವಿನ ಮುಂದೆ ನಿಲ್ಲುವರು. ಅವನ ಬೀಗ, ಆಮೇಲೆ ಅವಳ ಬೀಗ. ತಾತ ಕೋವಿಯನ್ನು ಹಿತ್ತಲಿಗೆ ತಂದು, ನಡುವಿನಿಂದ ಬಗ್ಗಿಸಿ ತೆರೆದು, ನಳಿಗೆಗಳನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವನು. ನೋಡಿ ಗಟ್ಟಿಯಾಗಿ "ಖಾಲಿ" ಎನ್ನುವನು. ಆಮೇಲೆ ಅದನ್ನು ಹಾಗೇ ಅಜ್ಜಿಯ ಮುಖದ ಎತ್ತರಕ್ಕೆ ಹಿಡಿಯುವನು. ಅವಳು ಕೈ ಸೋಕಿಸದೆ, ಸೆರಗು ಬಿಗಿಹಿಡಿದು ಬಗ್ಗಿ, ಎರಡು ನಳಿಗೆಗಳಲ್ಲೂ ಆಕಾಶ ನೋಡಿ, ತಾನೂ "ಖಾಲಿ" ಎನ್ನುವಳು. ಇಬ್ಬರ ಬಾಯಿಂದಲೂ ಆ ಮಾತು ಬರುವ ತನಕ ನಾವು ಮಕ್ಕಳು ಹಿತ್ತಲ ಹೊಸಿಲು ದಾಟುವ ಹಾಗಿರಲಿಲ್ಲ. ಈ ಪದ್ಧತಿಯನ್ನು ಯಾರು ಶುರು ಮಾಡಿದರೋ ತಿಳಿಯದು. ದೇವರ ಮನೆಯ ಮಂತ್ರಗಳೆಲ್ಲ ಮರೆತಿವೆ, ಇದು ಮರೆತಿಲ್ಲ. ಮರುದಿನ ಕುಡುಗೋಲು, ನೇಗಿಲು, ಚಿಕ್ಕಪ್ಪನ ಮೊಪೆಡ್ಡು, ಅಮ್ಮನ ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕೋವಿಗೂ ಕುಂಕುಮ, ಚೆಂಡುಹೂವು. ಪೂಜೆ ಮುಗಿದೊಡನೆ ಮತ್ತೆ ಬೀರು, ಮತ್ತೆ ಎರಡು ಬೀಗ.

ಸಾವಿತ್ರತ್ತೆಯ ಮದುವೆ ಬಂದದ್ದು ಅಂಥದ್ದೊಂದು ದಸರಾ ಕಳೆದ ಮೇಲೆ, ಕಾರ್ತಿಕದಲ್ಲಿ. ಅಪ್ಪನ ಒಬ್ಬಳೇ ತಂಗಿ. ಮನೆ ಮುಂದೆ ಚಪ್ಪರ, ಹಿತ್ತಲಲ್ಲಿ ಕೊಪ್ಪರಿಗೆ, ಊರಿಗೆ ಊರೇ ನಮ್ಮಲ್ಲಿ. ನಮ್ಮ ಮನೆಯ ಮದುವೆಗಳಲ್ಲಿ ಒಂದು ರೂಢಿ ಇತ್ತು: ದಿಬ್ಬಣ ಚಪ್ಪರದ ಹತ್ತಿರ ಬಂದಾಗ ಮನೆಯ ಹಿರಿಯನಾದವನು ಕೋವಿಯನ್ನು ಆಕಾಶಕ್ಕೆ ಎತ್ತಿ ಹಾರಿಸಬೇಕು. ತಾತನ ಮದುವೆಯಲ್ಲಿ ಅವನಪ್ಪ ಹಾರಿಸಿದ್ದ, ಅಪ್ಪನ ಮದುವೆಯಲ್ಲಿ ತಾತ ಹಾರಿಸಿದ್ದ. ಸುಂಕದಕಟ್ಟೆಯ ಗಂಡಿನ ಕಡೆಯವರಿಗೂ ಇದು ಗೊತ್ತಿತ್ತು. ಅವರಲ್ಲಿ ದೊಡ್ಡ ಮೀಸೆಯ ಹಿರಿಯರೊಬ್ಬರು, ಗಂಡಿನ ದೊಡ್ಡಪ್ಪ, ಲಗ್ನಪತ್ರಿಕೆಯ ದಿನವೇ ಈ ಮಾತೆತ್ತಿ ತಾತನಿಂದ ಹೂಂ ಅನ್ನಿಸಿಕೊಂಡಿದ್ದರು. ಹಾಗೆ ಸಂಭ್ರಮಕ್ಕೆ ಹಾರಿಸುವುದು ತಪ್ಪು, ಕೇಸಾಗುತ್ತದೆ ಎಂದು ಸಬ್ ಇನ್ಸ್‌ಪೆಕ್ಟರು ಎರಡನೆಯ ಸಲ ಬಂದಾಗ ಹೇಳಿದ್ದು ತಾತನಿಗೆ ನೆನಪಿರಲಿಲ್ಲವೆಂದಲ್ಲ. ಕೊಟ್ಟ ಮಾತು ಅದಕ್ಕಿಂತ ಜೋರಾಗಿ ನೆನಪಿತ್ತು. ದಿಬ್ಬಣದ ವಾಲಗ ಬೀದಿಯ ತುದಿಯಲ್ಲಿ ಕೇಳಿಸಿದಾಗ ಅವನು ಅಡುಗೆಮನೆಗೆ ಬಂದು ಕೈ ನೀಡಿದ. ಹೂರಣದ ಉಂಡೆ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

"ಆಗ ಹಾರ್ಸಿದ್ರೆ ಚರೆಗುಂಡು ಹೋಗಿ ಹೊಲಕ್ಕೆ ಬೀಳ್ತಿತ್ತು. ಈಗ ಯಾರ ಮನೆ ತಾರಸಿ ಮೇಲೆ ಬೀಳುತ್ತೆ ಹೇಳಿ, ಕೀಲಿ ಕೊಡ್ತೀನಿ."

ತಾತ ನೀಡಿದ ಕೈ ಹಿಂದೆ ತೆಗೆದುಕೊಂಡು ಹೊರಟುಹೋದ. ಚಿಕ್ಕಪ್ಪ ಚಪ್ಪರದ ಮುಂದೆ ಒಂದು ಪಟಾಕಿ ಸರ ಹಚ್ಚಿ ಹೇಗೋ ಸದ್ದು ಮಾಡಿದ. ಆದರೆ ಊಟದ ಪಂಕ್ತಿಯಲ್ಲಿ ಆ ಮೀಸೆಯವರು ಸುಮ್ಮನಿರಬೇಕಲ್ಲ. ಗೌಡರ ಕೋವಿಗೆ ಈಗ ಮನೆಯವರ ಅಪ್ಪಣೆ ಬೇಕಂತೆ ಎಂದು ಎಲ್ಲರಿಗೂ ಕೇಳಿಸುವಂತೆ ಅಂದರು. ಪಂಕ್ತಿ ಪೂರ್ತಿ ನಕ್ಕಿತು. ತಾತನೂ ನಕ್ಕ, ಆದರೆ ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದ. ಅವನು ಒಬ್ಬಟ್ಟು ಬಿಟ್ಟದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ. ಅತ್ತೆಯನ್ನು ಗಂಡನ ಮನೆಗೆ ಕಳಿಸಿಕೊಟ್ಟ ಮರುದಿನ, ಇನ್ನೂ ನೆಂಟರು ತುಂಬಿದ್ದ ನಡುಮನೆಯಲ್ಲಿ ಅವನು ಅಜ್ಜಿಗೆ ಅಂದದ್ದು ಎರಡೇ ಮಾತು.

"ಲೈಸೆನ್ಸ್ ಇರೋದು ನನ್ ಹೆಸರಲ್ಲಿ. ನಿನ್ ಹೆಸರಲ್ಲಲ್ಲ."

"ಹಂಗಾದ್ರೆ ಆ ಲೈಸೆನ್ಸೇ ಬೇಯಿಸ್ಕೊಂಡು ತಿನ್ನಿ" ಎಂದಳು ಅಜ್ಜಿ. ಅಷ್ಟು ಹೇಳಿ ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡು ಕೆಂಗೇರಿಯ ತನ್ನ ತಂಗಿಯ ಮನೆಗೆ ಹೊರಟುಬಿಟ್ಟಳು. ಕೀಲಿ ತಾಳಿಯ ಜೊತೆ ಹೋಯಿತು.

ನಾಲ್ಕು ದಿನ ಕೋಪ ಇಳಿದರೆ ಬರುತ್ತಾಳೆ ಎಂದುಕೊಂಡೆವು. ಕಾರ್ತಿಕ ಕಳೆಯಿತು, ಅವರೆಕಾಯಿ ಕಾಲ ಬಂತು, ಅಜ್ಜಿ ಬರಲಿಲ್ಲ. ಅಪ್ಪ ಹೋಗಿ ಕರೆದ, ಅಮ್ಮ ಹೋಗಿ ಕರೆದಳು. ಕರೆಯಬೇಕಾದವರು ಕರೆದರೆ ಬರುತ್ತೇನೆ ಎಂದು ಹೇಳಿ ಕಳಿಸಿದಳಂತೆ. ಇತ್ತ ತಾತ, ಅಮ್ಮ ತೊಳಸಿದ ಮುದ್ದೆಯಲ್ಲಿ ಗಂಟು ಹುಡುಕುತ್ತ, ಸಿಕ್ಕಾಗಲೆಲ್ಲ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತ ಇದ್ದ. ಅಮ್ಮ ಪಾಪ, ನೋಡಿಯೂ ನೋಡದ ಹಾಗೆ ಇರುತ್ತಿದ್ದಳು. ಅಜ್ಜಿ ತಾರಸಿಯ ಮೇಲೆ ಒಣಹಾಕಿ ಹೋಗಿದ್ದ ಮೆಣಸಿನಕಾಯಿಯನ್ನು ಯಾರಿಗೂ ಮುಟ್ಟಲು ಬಿಡದೆ ಬೆಳಿಗ್ಗೆ ತಾನೇ ಹತ್ತಿ ಹರವುತ್ತಿದ್ದ, ಸಂಜೆ ತಾನೇ ರಾಶಿ ಮಾಡುತ್ತಿದ್ದ.

ಅಂಥ ಹೊತ್ತಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಸೈಕಲ್ಲಿನಲ್ಲಿ ಬಂದ. ಎಲೆಕ್ಷನ್ ಘೋಷಣೆಯಾಗಿದೆ, ಲೈಸೆನ್ಸ್ ಇರುವ ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ತಂದೊಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು, ಎಲೆಕ್ಷನ್ ಮುಗಿದ ಮೇಲೆ ವಾಪಸು ಕೊಡುತ್ತಾರೆ ಎಂದ. ಪ್ರತಿ ಸಲವೂ ಹೀಗೆ ಒಪ್ಪಿಸುವುದು ಇದ್ದದ್ದೇ. ಆದರೆ ಈ ಸಲ ಕಟ್ಟುನಿಟ್ಟು, ನಾಳೆ ಸಂಜೆಯೊಳಗೆ ಬರದಿದ್ದರೆ ಲೈಸೆನ್ಸು ರದ್ದಾಗಿ ಕೇಸೂ ಬೀಳುತ್ತದೆ ಎಂದು ಹೇಳಿ ಸೈಕಲ್ಲು ಹತ್ತಿದ. ತಾತನ ಮುಖ ಇಳಿದುಹೋಯಿತು. ಕೋವಿ ಹೋದರೂ ಹೋಗಲಿ, ಈ ವಯಸ್ಸಿನಲ್ಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂರುವುದನ್ನು ನೆನೆಸಿಕೊಂಡೇ ಅವನು ಬೆವೆತ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪನಿಗೆ ಇದೊಂದು ಸಮಸ್ಯೆಯೇ ಅಲ್ಲ. ಲಗ್ಗೆರೆಯಲ್ಲಿ ತನ್ನ ಜೊತೆಯವನೊಬ್ಬನಿದ್ದಾನೆ, ಗ್ಯಾಸ್ ಕಟ್ಟರ್ ತಂದರೆ ಹಿತ್ತಾಳೆ ಬೀಗ ಬೆಣ್ಣೆಯಂತೆ ಬಿಡುತ್ತದೆ ಎಂದು ಆಗಲೇ ಚಪ್ಪಲಿ ಮೆಟ್ಟಿದ. ತಾತ ಬೀರುವಿಗೆ ಬೆನ್ನು ಕೊಟ್ಟು ನಿಂತುಬಿಟ್ಟ.

"ಮುಟ್ಬೇಡ. ಅವಳ ಬೀಗ ಒಡೆದು ತೆಗೆಯೋದೇ ಆದ್ರೆ ಅವಳು ಹಾಕಿದ್ದಾದ್ರೂ ಯಾಕೆ? ಕೇಸಾದ್ರೆ ಆಗ್ಲಿ."

ಮರುದಿನ ಬೆಳಿಗ್ಗೆ ತಾತ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಒಂದು ಚೀಲ ಅವರೆಕಾಯಿ ಹಿಡಿದು, ನನ್ನನ್ನು ಕರೆದುಕೊಂಡು ಹೊರಟ. ಒಬ್ಬನೇ ಹೋಗಲು ಅವನಿಗೆ ಧೈರ್ಯವಿರಲಿಲ್ಲ ಎಂದು ನನಗೆ ಆಗಲೇ ತಿಳಿದಿತ್ತು. ನಾಯಂಡಹಳ್ಳಿಯ ತನಕ ನಡೆದು ಮೈಸೂರು ರಸ್ತೆಯ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿತ್ತು, ಪಾಠ ಒಪ್ಪಿಸಲು ಹೋಗುವ ಹುಡುಗನ ಹಾಗೆ. ಕೆಂಗೇರಿಯ ಮನೆ ಮುಟ್ಟಿದಾಗ ಅಜ್ಜಿ ತಂಗಿಯ ಜೊತೆ ಜಗಲಿಯ ಮೇಲೆ ಕೂತು ಹಿದುಕವರೆ ಹಿಚುಕುತ್ತಿದ್ದಳು. ನೆನೆದ ಕಾಳು ಅವಳ ಬೆರಳಿನಿಂದ ಪುಳಕ್ಕನೆ ಹಾರಿ ತಟ್ಟೆಗೆ ಬೀಳುತ್ತಿತ್ತು. ನನ್ನನ್ನು ನೋಡಿ ಮುಖ ಅರಳಿತು, ಹಿಂದೆ ತಾತನನ್ನು ನೋಡಿ ಮತ್ತೆ ಕಾಳಿಗೆ ತಿರುಗಿತು. ಬಸ್ಸಿನಲ್ಲಿ ಕಲಿತದ್ದೆಲ್ಲ ತಾತನಿಗೆ ಮರೆತುಹೋಯಿತೆಂದು ಕಾಣುತ್ತದೆ. ಅವನು ಅಜ್ಜಿಯ ತಂಗಿಯ ಗಂಡನ ಪಕ್ಕ ಕೂತು, ಯಾವ ಕಡೆ ಯಾರು ಎಲೆಕ್ಷನ್ನಿಗೆ ನಿಲ್ಲಬಹುದೆಂದು ಮಾತಿಗೆ ತೊಡಗಿದ. ಮಾತು ಸೊರಗಿತು, ಕಾಫಿ ಬಂತು, ಕಾಫಿಯೂ ಮುಗಿಯಿತು. ಬಿಸಿಲು ಜಗಲಿಯ ಮೇಲೆ ಏರುತ್ತಿತ್ತು. ಸಂಜೆಯೊಳಗೆ ಸ್ಟೇಷನ್ನಿಗೆ ಹೋಗಬೇಕು ಎಂಬುದು ನನ್ನೊಬ್ಬಳಿಗೆ ಮಾತ್ರ ನೆನಪಿದ್ದಂತಿತ್ತು. ತಡೆಯಲಾರದೆ ನಾನು ಅಜ್ಜಿಯ ಮಡಿಲಿಗೆ ಹೋಗಿ ಎಲ್ಲ ಹೇಳಿಬಿಟ್ಟೆ: ಪೊಲೀಸು ಬಂದದ್ದು, ಕೇಸು, ಚಿಕ್ಕಪ್ಪನ ಗ್ಯಾಸ್ ಕಟ್ಟರ್, ತಾತ ಬೀರುವಿಗೆ ಅಡ್ಡ ನಿಂತದ್ದು, ಅವನು ಅಂದ ಮಾತು. ಅಜ್ಜಿಯ ಬೆರಳು ನಿಂತವು. ಅವಳು ಮೊದಲ ಬಾರಿ ನೇರವಾಗಿ ತಾತನ ಕಡೆ ನೋಡಿದಳು.

"ಒಡೆಯೋಕೆ ಬಿಡ್ಲಿಲ್ವಾ?"

ತಾತ ಖಾಲಿ ಲೋಟವನ್ನು ತಿರುಗಿಸುತ್ತ ಕೂತಿದ್ದ. ಅವನ ದನಿ ಬಹಳ ಸಣ್ಣಗಿತ್ತು.

"ದಿನಾ ನಿನ್ ಮೆಣಸಿನ್ಕಾಯಿ ಹರವೋಕೆ ಮೇಲೆ ಹತ್ತುತೀನಿ. ಸುತ್ತ ಎಲ್ಲಾ ತಾರಸಿ ಮೇಲೂ ಜನ ಕಣೇ. ಬಟ್ಟೆ ಒಣಗ್ಸೋರು, ಬಿಸಿಲು ಕಾಯೋರು, ಕೂಸುಗಳು. ನಾನ್ ಯಾವತ್ತೂ ಮೇಲೆ ಹತ್ತಿ ನೋಡೇ ಇರ್ಲಿಲ್ಲ. ನೀನ್ ಅವತ್ತು ಹೇಳಿದ್ದೇ ಸರಿ. ಬಾ, ಮನೆಗೆ ಹೋಗಣ."

ಅಜ್ಜಿ ಕೈ ಒರೆಸಿಕೊಂಡಳು. ಹಿಚುಕಿದ ಬೇಳೆಯನ್ನು ಒಂದು ಡಬ್ಬಿಗೆ ತುಂಬಿಕೊಂಡು, ಸಿಪ್ಪೆ ಮಾತ್ರ ತಂಗಿಗೆ ಬಿಟ್ಟು ಎದ್ದಳು. ಒಳಗೆ ಹೋಗಿ ಬ್ಯಾಗು ತರಲು ಅವಳಿಗೆ ಹೊತ್ತೇ ಹಿಡಿಯಲಿಲ್ಲ. ಅದು ಬಹಳ ದಿನದಿಂದ ಕಟ್ಟಿಯೇ ಇತ್ತೆಂದು ಅವಳ ತಂಗಿ ಆಮೇಲೆ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು. ಬಸ್ಸಿನಲ್ಲಿ ಇಬ್ಬರೂ ನನ್ನನ್ನು ಮಧ್ಯೆ ಕೂರಿಸಿಕೊಂಡು ಬಂದರು. ನನಗೆ ಎಷ್ಟು ಖುಷಿಯಾಗಿತ್ತೆಂದರೆ ಕಿಟಕಿಯ ಸೀಟನ್ನೂ ಕೇಳಲಿಲ್ಲ.

ಮನೆಗೆ ಬಂದವರೇ ಬೀರುವಿನ ಮುಂದೆ ನಿಂತರು. ಅವನ ಬೀಗ, ಅವಳ ಬೀಗ. ಅವಸರದಲ್ಲಿ ತಾತ ಕನ್ನಡಕ ಹಾಕದೆಯೇ ಕೋವಿಯನ್ನು ಹಿತ್ತಲಲ್ಲಿ ತೆರೆದು ಬೆಳಕಿಗೆ ಹಿಡಿದು "ಖಾಲಿ" ಎಂದ. ಅಜ್ಜಿ ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ಹೊಸಿಲಿನ ಈಚೆ ನಾವೆಲ್ಲ ಆ ಎರಡನೆಯ ಮಾತಿಗೆ ಕಾಯುತ್ತಿದ್ದೆವು.

"ಖಾಲಿ ಇಲ್ಲ" ಎಂದಳು ಅಜ್ಜಿ.

ತಾತ ನಳಿಗೆಯನ್ನು ನೆಲದ ಕಡೆ ಇಳಿಸಿದ. ನಮ್ಮನ್ನೆಲ್ಲ ಒಳಗೆ ಹೋಗಿ ಎಂದ. ಚಿಕ್ಕಪ್ಪ ಕನ್ನಡಕ ತಂದುಕೊಟ್ಟ. ತಾತ ಉದ್ದ ಕಡ್ಡಿಯನ್ನು ನಳಿಗೆಯ ಬುಡದಿಂದ ಮೆಲ್ಲಗೆ ತೂರಿಸಿದಾಗ, ಮೂತಿಯಿಂದ ಒಣಗಿ ಮುದುರಿದ ಒಂದು ಚೆಂಡುಹೂವು ಕುಂಕುಮದ ಪುಡಿಯ ಸಮೇತ ಅಜ್ಜಿಯ ಪಾದದ ಬಳಿ ಬಿತ್ತು. ದಸರೆಯಲ್ಲಿ ಅವಳೇ ಮೂತಿಗೆ ಸಿಕ್ಕಿಸಿದ್ದ ಹೂವು ಒಳಗೆ ಜಾರಿಬಿಟ್ಟಿತ್ತು. ಪೂಜೆ ಮುಗಿದ ಮೇಲೆ ಇನ್ನೊಮ್ಮೆ ನೋಡುವುದು ನಮ್ಮ ಪದ್ಧತಿಯಲ್ಲಿ ಇರಲೇ ಇಲ್ಲ. ಅಂಥ ನಳಿಗೆಯಲ್ಲಿ ಮದುವೆಯ ದಿನ ಹಾರಿಸಿದ್ದರೆ ಕೋವಿ ಕೈಯಲ್ಲೇ ಸಿಡಿಯಬಹುದಿತ್ತು ಎಂದು ಚಿಕ್ಕಪ್ಪ ಮೆಲ್ಲಗೆ ಅಂದ. ತಾತ ಆ ಹೂವನ್ನು ಎತ್ತಿ ಅಂಗೈಯಲ್ಲಿಟ್ಟು ನೋಡಿದ. ಆಮೇಲೆ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು, ಅವಳನ್ನು ನೋಡಿ ತಾತ, ತಾತನನ್ನು ನೋಡಿ ಮನೆಯವರೆಲ್ಲ. ಇಬ್ಬರೂ ಮತ್ತೊಮ್ಮೆ ನೋಡಿ ಮತ್ತೊಮ್ಮೆ ಹೇಳಿದ ಮೇಲೆಯೇ ಕೋವಿ ಚೀಲ ಸೇರಿತು. ಸೂರ್ಯ ಇಳಿಯುವ ಮೊದಲು ತಾತ ಸ್ಟೇಷನ್ನಿನಿಂದ ರಸೀದಿ ಹಿಡಿದು ಬಂದ. ರಾತ್ರಿ ಹಿದುಕಬೇಳೆ ಸಾರಿನಲ್ಲಿ ಅಜ್ಜಿಯ ಕೈಯ ಮುದ್ದೆ ತಿಂದು, ಇನ್ನೊಂದನ್ನೂ ಹಾಕಿಸಿಕೊಂಡ.

ಎಲೆಕ್ಷನ್ ಮುಗಿದು ಕೋವಿ ವಾಪಸು ಬಂತು. ಆದರೆ ಮುಂದಿನ ನವೀಕರಣದ ಹೊತ್ತಿಗೆ ಯಾವ ಬೆಳೆಯ ರಕ್ಷಣೆಗೆ ಎಂದು ಕಚೇರಿಯಲ್ಲಿ ಕೇಳಿದಾಗ ತಾತ ಬಲವಂತ ಮಾಡಲಿಲ್ಲ. ಬೆಳೆಯಿಲ್ಲ ಸಾರ್, ಬರೀ ತಾರಸಿ ಎಂದನಂತೆ. ಲೈಸೆನ್ಸನ್ನೂ ಕೋವಿಯನ್ನೂ ತೋಟಾಗಳನ್ನೂ ತಾನೇ ಒಪ್ಪಿಸಿ ಬಂದ. ಬೀರು ಬರಿದಾಯಿತು. ಬೀಗಗಳನ್ನು ಮಾತ್ರ ಅಜ್ಜಿ ತೆಗೆಯಲು ಬಿಡಲಿಲ್ಲ. ಅದೇ ಸುಮಾರಿಗೆ ತಾತನಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದರಿಂದ, ಬೀರುವಿನೊಳಗೆ ಕೋವಿಯ ಜಾಗದಲ್ಲಿ ಕೊಬ್ಬರಿ ಮಿಠಾಯಿಯ ಡಬ್ಬಿ ಕೂತಿತು. ಹಬ್ಬಕ್ಕೊಂದು ತುಂಡು, ಅದೂ ಇಬ್ಬರೂ ಬೀಗ ತೆಗೆದರೆ. ಡಬ್ಬಿ ಮುಗಿದಾಗ ತಾತ ಅದನ್ನು ಬೆಳಕಿಗೆ ಹಿಡಿದು ಖಾಲಿ ಎನ್ನುವನು, ಅವಳು ಬಗ್ಗಿ ನೋಡಿ, ಮೂಲೆಯಲ್ಲಿ ಅಡಗಿಸಿದ ಚೂರೇನಾದರೂ ಉಂಟೇ ಎಂದು ಬೆರಳಾಡಿಸಿ, ಖಾಲಿ ಎನ್ನುವಳು. ಅವರು ಆಮೇಲೂ ಜಗಳವಾಡಿದರು, ಮಾತೂ ಬಿಟ್ಟರು. ಆದರೆ ಬೀರುವಿನ ಮುಂದೆ ಮಾತು ಬಿಟ್ಟದ್ದು ನಾನು ಕಾಣೆ.

ಆ ಬೀರು ಈಗ ನಾಗರಬಾವಿಯ ನನ್ನ ಮನೆಯಲ್ಲಿದೆ. ತಾತ ಹೋದ ಮೇಲೆ, ಹಳೇ ಮನೆ ಕೆಡವಿ ಕಟ್ಟುವಾಗ ನಾನು ಅದನ್ನು ಕೇಳಿದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿದಳು. ಎರಡು ಕೀಲಿಗಳೂ ಅಲ್ಲೇ ಇದ್ದವು. ಬೇಕಿದ್ದರೆ ಅವಳೊಬ್ಬಳೇ ತೆಗೆಯಬಹುದಿತ್ತು, ಆದರೆ ತಾತನ ಕೀಲಿಯನ್ನು ನನ್ನ ಕೈಗಿಟ್ಟಳು. ನಾನು ಅವನ ಬೀಗ ತೆಗೆದೆ, ಅವಳು ತನ್ನದನ್ನು ತೆಗೆದಳು. ಒಳಗೆ ಡಬ್ಬಿಯೂ ಇರಲಿಲ್ಲ, ತಳದಲ್ಲಿ ಹಾಸಿದ್ದ ಹಳೆಯ ಪೇಪರು ಅಷ್ಟೇ. ಅಜ್ಜಿ ಒಳಗೆ ತಲೆ ಹಾಕಿ ಮೇಲಿನಿಂದ ಕೆಳಗಿನ ತನಕ ನೋಡಿದಳು.

"ಖಾಲಿ" ಎಂದಳು.

ಹೇಳಿ ಅಲ್ಲಿಂದ ಕದಲಲಿಲ್ಲ. ಬೀರುವಿನ ಬಾಗಿಲು ಹಿಡಿದುಕೊಂಡೇ ನಿಂತಿದ್ದಳು. ಕೂಲಿಯವರು ಹಗ್ಗ ಹಿಡಿದು ಕಾಯುತ್ತಿದ್ದರು, ನಾನು ಅವಳ ಮುಖ ನೋಡಿದೆ. ಆಗ ನನಗೆ ಅರ್ಥವಾಗಿ ಮುಂದೆ ಬಂದು, ಅವಳ ಭುಜದ ಪಕ್ಕ ಬಗ್ಗಿ, ತಾತನಷ್ಟೇ ಗಟ್ಟಿಯಾಗಿ, ನಾನೂ ಖಾಲಿ ಎಂದೆ. ಅಜ್ಜಿ ತಲೆದೂಗಿ ಕೂಲಿಯವರಿಗೆ ದಾರಿ ಬಿಟ್ಟಳು.